ಬೋಣಿಯ ರುಜು

ಚೌಕಿಪೇಟೆಯ ಪುಸ್ತಕದ ಅಂಗಡಿಯ ಮೆಟ್ಟಿಲನ್ನು ಆವತ್ತು ಮೊದಲು ಹತ್ತಿ ಬಂದವಳನ್ನು ನೋಡಿ ಬಕ್ಕೇಶಪ್ಪನ ಎದೆ ಧಸಕ್ಕೆಂದಿತು. ಕೊಟ್ರವ್ವ! ಅದೂ ಹರಿಹರದಿಂದ, ಬೆಳಗಿನ ರೈಲು ಹಿಡಿದು! ‘ಲೇಖಕರೇ ಖುದ್ದು ರುಜು ಹಾಕಿ ಕೊಡುತ್ತಾರೆ’ ಎಂದು ಅಂಗಡಿಯ ಕುತುಬುದ್ದೀನ್ ಸಾಹೇಬರು ಬಾಗಿಲಿಗೆ ಬೋರ್ಡು ತೂಗುಹಾಕಿದ್ದರು. ಇಸ್ತ್ರಿಯ ಕೋಟು ತೊಟ್ಟು, ತನ್ನ ಮೊದಲ ಕಾದಂಬರಿಯ ರಾಶಿಯ ಮುಂದೆ ಮದುಮಗನ ಹಾಗೆ ಕೂತಿದ್ದ ಮನುಷ್ಯ ಗಡಬಡಿಸಿ ಎದ್ದು ನಿಂತ.

“ಅಣ್ಣಾರೆ, ಪುಸ್ತಕ ಬರ್ದೀರಂತೆ. ಅದ್ರಾಗ ನನ್ನ ಗಂಡನ ಹೆಸರು ಐತಂತೆ, ಖರೇನಾ?”

ಇತ್ತು. ಎರಡು ವರ್ಷದ ಹಿಂದೆ ಹತ್ತಿ ಗಿರಣಿಯ ಬೆಲ್ಟಿಗೆ ಸಿಕ್ಕಿ ಸತ್ತ ರೇವಣ್ಣನ ಹೆಸರು ಇದ್ದ ಹಾಗೇ ಇತ್ತು. ಓದು ಬಾರದವರ ಮನೆ, ಕೇಳುವವರು ಯಾರು ಎಂದು ಬಕ್ಕೇಶಪ್ಪ ಹೆಸರು ಬದಲಿಸುವ ಗೋಜಿಗೇ ಹೋಗಿರಲಿಲ್ಲ. ಬದಲಿಸಿದ್ದು ಬೇರೆಯದನ್ನು. ಅವನು ಅದೇ ಗಿರಣಿಯಲ್ಲಿ ಹಾಜರಿ ಬರೆಯುವ ಗುಮಾಸ್ತ. ಅಚ್ಚಿಗೆ ಹೋಗುವ ಮುಂಚೆ ಬರೆದದ್ದೆಲ್ಲ ಮ್ಯಾನೇಜರರ ಕೈಗೆ ಹೋಗಿ ಬಂದಿತ್ತು. “ಬೆಲ್ಟಿಗೆ ಜಾಲರಿ ಇರ್ಲಿಲ್ಲ ಅಂತೆಲ್ಲ ಯಾಕ್ರಿ? ಅವನು ಕುಡ್ದು ಬಂದಿದ್ದ ಅಂತ ಮಾಡ್ರಿ. ನೌಕರಿ ಬೇಕೋ ಬ್ಯಾಡೋ?” ಎಂದಿದ್ದರು. ಬೇಕಿತ್ತು. ಸತ್ತವನಿಗೇನು ಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬರೆದುಬಿಟ್ಟಿದ್ದ, ಪುಣ್ಯಾತ್ಮ.

“ಎಲ್ಲೈತೆ, ತೋರಸ್ರಿ.”

ಪುಟ ತೆರೆದು ತೋರಿಸಿದ. ಅಕ್ಷರ ಅರಿಯದ ಹೆಂಗಸು ಆ ಹೆಸರನ್ನು ಮೆಲ್ಲಗೆ ಮುಟ್ಟಿ, ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಅದರ ಕೆಳಗಿನ ಸಾಲಿನಲ್ಲೇ ರೇವಣ್ಣ ಹೆಂಡ ಕುಡಿದು ತೂರಾಡುತ್ತ ಗಿರಣಿಗೆ ಬರುತ್ತಿದ್ದ. ಬಕ್ಕೇಶಪ್ಪನಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ನನಗೊಂದು ಕೊಡ್ರಿ.”

“ನಿನಗ್ಯಾಕ ಕೊಟ್ರವ್ವ? ಸುಮ್ನೆ ದಂಡ. ನಾನೇ ಒಂದಿನ ಹರಿಹರಕ್ಕೆ ಬಂದು ಓದಿ ಹೇಳ್ತೀನಿ, ಹೋಗು.” ಹೋಗಿ ಬೇರೇನನ್ನಾದರೂ ಓದಿ ಹೇಳಿದರಾಯಿತು ಎಂದುಕೊಂಡ.

ಕುತುಬುದ್ದೀನ್ ಸಾಹೇಬರು ಗಲ್ಲಾದಿಂದಲೇ ರೇಗಿದರು. “ಏನ್ರಿ ಬಕ್ಕೇಶಣ್ಣ, ಬೋಣಿ ಗಿರಾಕೀನ ಬರಿಗೈಲಿ ಕಳಸ್ತಾರೇನ್ರಿ? ದಿನಪೂರ್ತಿ ಯಾಪಾರ ಹಾಳಾಗ್ತೈತೆ! ಅದೂ ನಿಮ್ಮ ಮೊದಲ್ನೇ ಪುಸ್ತಕ. ಹಾಕ್ರಿ ರುಜು.” ಅವಳು ಸೆರಗಿನ ಗಂಟು ಬಿಚ್ಚಿ ಕೊಟ್ಟ ನಾಣ್ಯಗಳನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿಯೇಬಿಟ್ಟರು. ಬೋಣಿಯಾದ ಮೇಲೆ ಇನ್ನೇನಿದೆ?

“ಆವತ್ತು ಮುಂಜಾನಿ ಅವನ ಹಾಜರಿ ಹಾಕ್ದೋರು ನೀವೇ,” ಎಂದಳು ಕೊಟ್ರವ್ವ. “ಜೀವಮಾನದಾಗ ಅವ ಒಂದು ಹನಿ ಕುಡ್ದೋನಲ್ಲ ಅಂತ ನಿಮಗ ಗೊತ್ತೈತೆ. ಗಿರಣಿಯೋರು ಕುಡುಕ ಅಂದ್ರು, ಊರೂ ನಂಬ್ತು. ನನ್ನ ಮಕ್ಕಳು ತಲಿ ಎತ್ತಿ ಓಡಾಡದಂಗಾತು. ನೀವು ಖರೇ ಬರ್ದೀರಿ, ಹೌದಿಲ್ರಿ?”

ಈಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅಯ್ಯೋ ಶಿವನೇ, ಹೌದೆಂದು ತಲೆಯಾಡಿಸಿದ!

“ಯಾರ ಹೆಸರಿಗೆ ಬರೀಲಿ?” ಎಂದು ಕೇಳಿ ಪೆನ್ನಿನ ಮುಚ್ಚಳ ತೆಗೆದ.

“ನನ್ನ ಮಗಳ ಹೆಸರು ಹಾಕ್ರಿ, ಮರಿಯವ್ವ ಅಂತ.”

ಹಾಕಿದ. ಕೆಳಗೆ ರುಜುವನ್ನೂ ಹಾಕಿದ. ಕೊಟ್ರವ್ವ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡಳು. ಎರಡು ವರ್ಷದಿಂದ ನಗದ ಮುಖದಲ್ಲಿ ನಗು ಮೂಡಿತು.

“ಏಳನೇ ಕ್ಲಾಸು ಓದಾಕತ್ಯಾಳ್ರಿ. ಇವತ್ತು ಸಂಜಿಗೆ ಓಣಿ ಮಂದೀನೆಲ್ಲ ನಮ್ಮ ಮನಿ ಮುಂದ ಕರ್ದೀನಿ. ಅವರಪ್ಪ ಎಂಥೋನಿದ್ದ ಅಂತ ಆಕಿನೇ ಗಟ್ಟಿಯಾಗಿ ಓದಿ ಹೇಳ್ತಾಳ.”