ಹೊಟ್ಟೆ ದೊಡ್ಡದಾದ ಬಿಸಿಲಂಗಿ

ಇಳಕಲ್ಲಿನಲ್ಲಿ ಈಗ ಹಗಲು ಹೊರಬೀಳಲು ಮಕ್ಕಳು ಚಿತ್ರ ಬರೆದುಕೊಟ್ಟಂತೆಯೇ ಹೊಲಿದ ಅಂಗಿ ಬೇಕು. ಅವರ ಗೆರೆ ತಿದ್ದಿ ಹೊಲಿದರೆ ಬಿಸಿಲು ಮೈ ಸುಡುತ್ತದೆ. ಮಗು ತನಗಾಗಿ ಬರೆದುಕೊಂಡ ಅಂಗಿಯೂ ತಡೆಯುವುದಿಲ್ಲ. ಸಂಗವ್ವನ ಮಗಳು ನೀಲವ್ವನಿಗೆ ಬರೆದುಕೊಡಲು ಓಣಿಯಲ್ಲಿ ಬೇರೆ ಮಕ್ಕಳಿರಲಿಲ್ಲ.

ಅಳತೆಗೆ ಮನೆಗೇ ಬಂದಿದ್ದ ದರ್ಜಿ ಮಾಬೂಬಿಗೆ ಸಂಗವ್ವ, ಮಗಳು ತನಗೆ ಬರೆದುಕೊಟ್ಟ ಚಿತ್ರ ತೋರಿಸಿದಳು. ಅಂಗಿಯ ಹೊಟ್ಟೆ ಗುಡಾಣದಂತಿತ್ತು.

“ನಾ ಇಷ್ಟು ದಪ್ಪ ಅದೀನೇನ್ರಿ? ಒಂಚೂರು ಸಣ್ಣದು ಮಾಡ್ರಿ.”

“ತಿದ್ದಾಕ ಬರಂಗಿಲ್ಲವ್ವ, ಸುಟ್ಟು ಹೋಗ್ತಿ,” ಎಂದು ಮಾಬೂಬಿ ಅವಳ ಸೊಂಟಕ್ಕೆ ಟೇಪು ಸುತ್ತಿದಳು.

ಬಾಗಿಲ ಸಂದಿಯಿಂದ ಬೀದಿ ನೋಡುತ್ತಿದ್ದ ನೀಲವ್ವ ತಿರುಗಿದಳು.

“ಅದು ಹೊಟ್ಟಿ ಅಲ್ಲಬೇ. ಅದ್ರಾಗ ನಾ ಅದೀನಿ. ಸಾಲಿ ತನಕ ಕರ್ಕೊಂಡು ಹೋಗು.”

ಮಾಬೂಬಿ ಟೇಪು ಬಿಡಿಸಿ ನೀಲವ್ವನ ಎತ್ತರ ಅಳೆಯತೊಡಗಿದಳು.