ಕಿತ್ತ ವೈರು

ಡ್ರಮ್ ಮಷೀನಿನಿಂದ ಕಂಪ್ಯೂಟರಿಗೆ ವೈರು ಜೋಡಿಸುತ್ತಿದ್ದ ಸ್ಟುಡಿಯೋದ ಈರಣ್ಣನನ್ನು ಡೋಲಕ್ ಬಾರಿಸುವ ಮೌಲಾಲಿ ಓರೆಗಣ್ಣಿನಿಂದಲೇ ನೋಡಿದ.

"ಇದು ಬಾರಿಸೂದಾದ್ರ ನನ್ನ ಯಾಕ ಕರಸೀರಿ?"

"ಮಾಲಕ್ರು ಎರಡೂ ಕೇಳಿ ನೋಡ್ತಾರಂತ್ರಿ ಕಾಕಾ. ನಿಮ್ಮ ಮೈಕ್ ಚಾಲೂ ಐತಿ, ಕೂತಿರ್ರಿ. ಮೂರು ಚಹಾ ತರ್ತೀನಿ."

ಎರಡೂ ಕೇಳುವುದೆಂದರೆ ಒಂದನ್ನು ಮನೆಗೆ ಕಳಿಸುವುದು. ಈರಣ್ಣ ಮೆಟ್ಟಿಲಿಳಿದದ್ದೇ ತಡ, ಮೌಲಾಲಿ ಮಷೀನಿನ ಹಿಂದಿನ ವೈರು ಕಿತ್ತು, ಮೂಲೆಯ ಬಟ್ಟೆಪರದೆಯ ಹಿಂದೆ ತನ್ನ ಮೈಕಿನ ಮುಂದೆ ಹೋಗಿ ಕೂತ.

ಮಾಲೀಕರು ಬಂದರು. ಕೋಣೆ ಖಾಲಿ ಎಂದುಕೊಂಡು, ಹೆಡ್‌ಫೋನ್ ಏರಿಸಿ ತಾವೇ ಮಷೀನಿನ ಗುಂಡಿ ಒತ್ತಿದರು. ದೀಪಗಳು ಕುಣಿದವು, ಸದ್ದು ಮಾತ್ರ ಇಲ್ಲ. ಪರದೆಯ ಸಂದಿನಿಂದ ನೋಡುತ್ತಿದ್ದ ಮೌಲಾಲಿಗೆ ಹಿಗ್ಗು ತಡೆಯಲಾಗಲಿಲ್ಲ. ಮೂವತ್ತು ವರ್ಷ ಪಳಗಿದ ಬೆರಳುಗಳು ತಾವಾಗಿಯೇ ಡೋಲಕ್ಕಿನ ಮೇಲೆ ಓಡತೊಡಗಿದವು.

ಹೆಡ್‌ಫೋನಿನಲ್ಲಿ ಕೇಳಿಬಂದ ತಾಳಕ್ಕೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದ ಮಾಲೀಕರು ಫೋನ್ ತೆಗೆದರು.

"ಈರಣ್ಣಾ, ಮಷೀನ್ ಭಾರಿ ಬಾರಸ್ತೈತೋ! ಮೌಲಾಲಿ ಬಂದ್ರ ಬಾಗಲದಿಂದನ ತಿರುಗಿ ಕಳಸು. ಚಹಾ ಎರಡ ತಗೊಂಬಾ."