ಕಿವಿಯ ಮಟ್ಟ

"ಕೂರೋರು ಎಷ್ಟು ಎತ್ತರ ಇದಾರೆ?" ಎಂದು ಕುರ್ಚಿ ಅಂಗಡಿಯವನು ಕೇಳಿದಾಗ, ದರ್ಜಿ ಯೋಚಿಸದೆ ಅಂಗೈಯನ್ನು ತನ್ನ ಕಿವಿಯ ಮಟ್ಟಕ್ಕೆ ಹಿಡಿದು "ಇಷ್ಟು" ಎಂದ. ಪಕ್ಕದಲ್ಲಿದ್ದ ಹೆಂಡತಿಯ ಹೊಟ್ಟೆಗೆ ಕಿಚ್ಚು ಬಿತ್ತು. ಅವಳು ಅವನ ಭುಜಕ್ಕೆ ಬರುತ್ತಿದ್ದಳು. ಕಿವಿಯವರೆಗೆ ಬರುವವಳು ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದ ಕಸೂತಿಯವಳು. ತಮ್ಮ ಹೊಲಿಗೆ ಅಂಗಡಿಯಲ್ಲಿ ನಿಂತೇ ಬಟ್ಟೆ ಕತ್ತರಿಸುವ ಎತ್ತರದ ಮೇಜಿನ ಮುಂದೆ ಸೊಂಟ ಹಿಡಿಸಿಕೊಂಡವಳು ತಾನು. ಬೆನ್ನಿಗೆ ಆಸರೆ, ಕಾಲಿಡಲು ಕಂಬಿ ಇರುವ ಎತ್ತರದ ಕುರ್ಚಿ ಮಾತ್ರ ನಿನ್ನೆ ಮೊನ್ನೆ ಬಂದವಳಿಗೆ!

"ಅವಳನ್ನೇ ಕರ್ಕೊಂಡು ಬರ್ಬೇಕಿತ್ತು. ನಾನ್ಯಾಕೆ, ಕುರ್ಚಿ ಹೊರೋಕಾ?"

"ಯಾರನ್ನೇ?"

"ನಿಮ್ಮ ಜಿರಾಫೆನ!"

"ಕುರ್ಚಿ ನಿನಗೇ ಕಣೇ. ದಿನಾ ಪಕ್ಕದಲ್ಲೇ ನಿಂತಿರ್ತೀಯ, ನಿನ್ನೆತ್ತರ ನನಗೆ ಗೊತ್ತಿಲ್ವಾ?" ಎನ್ನುತ್ತಾ ಅವನು ಅವಳತ್ತ ತಿರುಗಿದ. ಅಂಗೈಯ ಕೆಳಗೆ ಅವಳ ತಲೆ ಇರಲಿಲ್ಲ. ಅವನ ಕಣ್ಣು ಇಳಿಯುತ್ತಾ ಇಳಿಯುತ್ತಾ ನೆಲದ ಮೇಲಿದ್ದ ಅವಳ ಚಪ್ಪಲಿಗೆ ಬಂದು ನಿಂತಿತು.

"ಅಯ್ಯೋ, ಮಣೆನೂ ಸೇರಿಸಿಬಿಟ್ಟೆ!"

ಮೇಜು ಎಟುಕಲೆಂದು ಮದುವೆಯಾದ ಹೊಸದರಲ್ಲಿ ಅವನೇ ಮಾಡಿಕೊಟ್ಟ ಎತ್ತರದ ಮಣೆ ಅದು. ಅಂದಿನಿಂದ ಅವಳು ದಿನವಿಡೀ ಅದರ ಮೇಲೆಯೇ ನಿಂತು ಕೆಲಸ ಮಾಡುತ್ತಿದ್ದಳು.

ಗಾಳಿಯಲ್ಲೇ ಉಳಿದಿದ್ದ ಅವನ ಕೈಯನ್ನು ಅವಳು ಹಿಡಿದೆಳೆದು ತನ್ನ ನೆತ್ತಿಯ ಮೇಲಿಟ್ಟುಕೊಂಡಳು.

"ಇಷ್ಟು ನೋಡಪ್ಪಾ," ಎಂದಳು ಅಂಗಡಿಯವನಿಗೆ.